ಇಡುಗಂಟು

ಒಂದು ತಿಂಗಳ ಮಟ್ಟಿಗೆ ನನ್ನ ಗಂಡ
ಸಿರಿವಂತನಾಗಿದ್ದ.
ಅವನಿಗೇ ಗೊತ್ತಿರಲಿಲ್ಲ,
ಗೊತ್ತಿದ್ದದ್ದು ಸರಕಾರಕ್ಕೆ ಮಾತ್ರ.

ಮೂವತ್ತೊಂದು ವರ್ಷ ಕಾರ್ಲೈಲಿನ ಬಿಸ್ಕತ್ತು ಕಾರ್ಖಾನೆಯಲ್ಲಿ
ಒಲೆಯ ಬಾಯಿಗೆ ಎದುರಾಗಿ ನಿಂತವನು ಕ್ಲೈವ್.
ವಾರವಾರವೂ ಸಂಬಳದಿಂದ ಒಂದು ಚೂರು
ಹೇಳದೆ ಕೇಳದೆ ಹೋಗಿ ಎಲ್ಲೋ ಕೂರುತ್ತಿತ್ತು.
ಮುರಿದ ಬಿಸ್ಕತ್ತನ್ನು ಚೀಲಕ್ಕೆ ತುಂಬಿ
ಶುಕ್ರವಾರ ಅಗ್ಗಕ್ಕೆ ಮಾರುತ್ತಿದ್ದರಲ್ಲ, ಹಾಗೆ
ಚೂರಿಗೆ ಚೂರು ಸೇರಿ
ಇಪ್ಪತ್ತನಾಲ್ಕು ಸಾವಿರ ಪೌಂಡು.

'ತಿಂಗಳಿಗಿಷ್ಟು ಅಂತ ತಗೋ' ಅಂದೆ.
'ಗಂಟು ಇರೋದೇ ಬಿಚ್ಚೋದಕ್ಕೆ, ಗ್ಲೆನಿಸ್' ಅಂದ.
ಪಾರಿವಾಳದ ಗೂಡಿನ ಮಾಡು ಸೋರುತ್ತಿತ್ತು.
ಅರವತ್ತೇಳು ದಾಟಿದವನ ಆಸೆ
ಅಷ್ಟು ಚಿಕ್ಕದಾಗಿರುವಾಗ
ಅಡ್ಡ ಬರುವುದು ಹೇಗೆ?
ಅವನಿಗೆ ಹೊಸ ಗೂಡು, ಹೆಂಚಿನ ಮಾಡಿನದು.
ನನ್ನ ಮಂಡಿಗಳಿಗೆ
ಕಾಲೆತ್ತದೆ ಇಳಿಯಬಹುದಾದ ಸ್ನಾನದ ತೊಟ್ಟಿ.

ನಾಲ್ಕರಲ್ಲೊಂದು ಪಾಲಿಗೆ ತೆರಿಗೆಯಿಲ್ಲ,
ಆ ಆರು ಸಾವಿರವನ್ನು ಯಾರೂ ಮುಟ್ಟುವಂತಿಲ್ಲ.
ಉಳಿದ ಹದಿನೆಂಟು ಸಾವಿರ
ಈ ವರ್ಷದ ಆದಾಯವೆಂದೇ ಲೆಕ್ಕ,
ಬೆವರು ಯಾವ ಕಾಲದ್ದೇ ಆಗಿರಲಿ.
ನೂರಕ್ಕೆ ಇಪ್ಪತ್ತು ಹೋಗುತ್ತದೆಂದು
ಕ್ಯಾಲೆಂಡರಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಗುಣಿಸಿ
ಮೂರು ಸಾವಿರದ ಚಿಲ್ಲರೆ ಎಂದು ಬರೆದು
ಎರಡು ಗೆರೆ ಎಳೆದಿದ್ದ.

ಹೋದದ್ದು ಆರೂವರೆ ಸಾವಿರ.

ಚೀಟಿ ಹಿಡಿದು ಹಿತ್ತಲಲ್ಲಿ ನಿಂತ.
ಹುಬ್ಬಿನ ನಡುವೆ ಬಿಚ್ಚಲಾಗದ ಇನ್ನೊಂದು ಗಂಟು.

ಫೋನಿನಲ್ಲಿ ನಲವತ್ತು ನಿಮಿಷ ಪಿಟೀಲು ಕೇಳಿದ ಮೇಲೆ
ಸ್ಕಾಟ್‌ಲೆಂಡಿನ ನಾಲಗೆಯ ಹುಡುಗಿಯೊಬ್ಬಳು ಬಿಡಿಸಿ ಹೇಳಿದಳು:
ನಿಮ್ಮವರ ತೆರಿಗೆ ಕೋಡ್ ಕಂಪನಿಗೆ ತಲುಪಿರಲಿಲ್ಲ,
ಅದಕ್ಕೇ ತುರ್ತು ಕೋಡ್ ಹಾಕಿದ್ದಾರೆ.
ಈ ತಿಂಗಳು ಹದಿನೆಂಟು ಸಾವಿರ ಬಂದವನಿಗೆ
ಪ್ರತಿ ತಿಂಗಳೂ ಅಷ್ಟೇ ಬರುತ್ತದೆಂದು
ಕಂಪ್ಯೂಟರಿನ ನಂಬಿಕೆ.

'ಕಾಲಿಗೆ ಉಂಗುರವಿಲ್ಲದ ಹಕ್ಕಿ' ಅಂದ ಕ್ಲೈವ್.
'ನಂಬರಿಲ್ಲದಿದ್ದರೆ ಯಾರ ಮನೆಯದೆಂದು ಹೇಗೆ ತಿಳಿಯಬೇಕು ಪಾಪ.'

ಪ್ರತಿ ತಿಂಗಳೂ!
ನಾನು ಅವನ ಮುಖ ನೋಡಿದೆ,
ವರ್ಷಕ್ಕೆ ಎರಡು ಲಕ್ಷ ಹದಿನಾರು ಸಾವಿರ ಪೌಂಡಿನ ಮುಖ.
ಕಿವಿಯಲ್ಲಿ ಕೂದಲು,
ಸ್ವೆಟರಿನ ಮೊಣಕೈಗೆ ನಾನೇ ಹಾಕಿದ ತೇಪೆ,
ಹೆಗಲ ಮೇಲೆ ಹಕ್ಕಿಯ ಹಿಕ್ಕೆ.
ಆ ರಾತ್ರಿ ಚಹಾ ಇಡುತ್ತ 'ಧಣೀ' ಎಂದೆ.
ಅವನು ನಗಲಿಲ್ಲ. ನಾನು ನಕ್ಕೆ,
ಹೊಟ್ಟೆ ಹಿಡಿದುಕೊಂಡು, ಒಬ್ಬಳೇ.

ಧಣಿಯಲ್ಲವೆಂದು ರುಜುವಾತು ಮಾಡಲು
ಅರ್ಜಿಯೊಂದಿದೆ, ಪಿ ಐವತ್ತಮೂರು ಝಡ್.
ಗಂಟನ್ನು ಪೂರ್ತಿ ಬಿಚ್ಚಿದವರಿಗೆ ಅದು;
ಒಂದಿಷ್ಟು ಒಳಗೇ ಉಳಿಸಿದವರಿಗೆ ಬೇರೆ.
ಕನ್ನಡಕ ಒರೆಸಿ ಒರೆಸಿ ತುಂಬಿದೆವು.
ಸರಕಾರದ ಪಿಂಚಣಿ ಇಷ್ಟು. ಸಂಬಳ ಇಲ್ಲ. ಬಾಡಿಗೆ ಇಲ್ಲ.
ವರ್ಷ ಮುಗಿಯುವುದರೊಳಗೆ ಮತ್ತೇನಾದರೂ ಬರುವುದಿದೆಯೇ?
ಕ್ಲೈವ್ ಬಹಳ ಹೊತ್ತು ಯೋಚಿಸಿದ.
'ಫ್ರಾನ್ಸಿನಲ್ಲಿ ಹಾರಿಬಿಟ್ಟ ನೀಲಿ ಹೆಣ್ಣು.
ಹದಿನೇಳು ದಿನವಾಯಿತು.'
'ಅದನ್ನು ಬರೆಯಬೇಡ' ಅಂದೆ.

ಐದು ವಾರ.
ಹಳೆಯ ಮಾಡಿನ ಕೆಳಗೆ ಬಕೆಟ್ಟು ಇಟ್ಟೆವು,
ತುಂಬಿದಾಗೆಲ್ಲ ಚೆಲ್ಲಿದೆವು.
ಅವನು ಸಂಜೆಸಂಜೆಗೂ ದಕ್ಷಿಣಕ್ಕೆ ಮುಖಮಾಡಿ
ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದ,
ಚೆಕ್ಕು ಆ ದಿಕ್ಕಿನಿಂದಲೇ ಹಾರಿ ಬರುವಂತೆ.

ಒಂದು ಮಂಗಳವಾರ ನಾನು ಕಿಟಕಿಯಿಂದ ಕೂಗಿದೆ,
'ಕ್ಲೈವ್, ಬಂತು!'
ಅವನು ಹಿಕ್ಕೆ ಕೆರೆಯುವ ಕರಣೆಯನ್ನು ಎಸೆದು ಓಡಿ ಬಂದ,
ಈ ಮಂಡಿಗಳ ಕಾಲದಲ್ಲಿ ಹಾಗೆ ಓಡಿದ್ದನ್ನು ನೋಡಿರಲಿಲ್ಲ.

ನನ್ನ ಕೈಯಲ್ಲಿದ್ದ ಲಕೋಟೆಯನ್ನು ಕಂಡ.
ಮೂರು ಸಾವಿರದ ನೂರ ತೊಂಬತ್ತು.
'ಓ,' ಅಂದ, 'ಅದಾ.'