ನಾಲ್ಕು ಡಿಗ್ರಿ

ತಾಯಲೂರು ಡೇರಿ, ಬೆಳಗಿನ ನಾಲ್ಕೂವರೆ.
ಹಾಲು ತಣಿಸುವ ಟ್ಯಾಂಕಿನ ಕೊರಳಿಗೆ
ಹೊಸ ಸೆನ್ಸರು ಕಟ್ಟಿ ಸ್ವಿಚ್ಚು ಒತ್ತಿದೆ.

ಮೂಲೆಯ ಪೆಟ್ಟಿಗೆ ಕೇಳಿತು: ಯಾರು ನೀನು?
ಬಾಗಿಲಾಚೆಯೇ ನಿಲ್ಲಿಸಿಕೊಂಡು
ಹುಟ್ಟುವಾಗ ಬರೆದ ಕೀಲಿ ನೋಡಿತು,
ಸಹಿ ತಾಳೆ ಹಾಕಿತು.
ಹನ್ನೊಂದು ಸೆಕೆಂಡು.
ಹಸಿರು ದೀಪ. ಬಾ ಒಳಗೆ,
ಹಾಲಿನ ಬಿಸುಪು ಮಾತ್ರ ಹೇಳು,
ದುಡ್ಡಿನ ಲೆಕ್ಕದತ್ತ ಕಣ್ಣು ಹಾಕಬೇಡ.

ಹೋದ ವಾರ ಯಾರೋ ತಂದ ಅಗ್ಗದ್ದೊಂದು
ಇನ್ನೂ ಹೊಸ್ತಿಲಲ್ಲೇ ಮಿಣುಕುತ್ತಿದೆ, ಕೆಂಪಗೆ.

ಕ್ಯಾನು ಇಳಿಸುತ್ತ ಪಿಳ್ಳಪ್ಪ ಅಂದ:
"ಇದಕ್ಕೆ ಕಾವಲಿನವರು ಬೇಡವೇನಮ್ಮಾ?"
ಬೇಡ, ತಾನೇ ಕೇಳುತ್ತೆ, ತಾನೇ ಬಿಡುತ್ತೆ.

ಅವನು ನನ್ನ ಕಡೆ ತಿರುಗಿದ.
"ಅದಿರಲಿ, ನೀನ್ಯಾರ ಪೈಕಿ?"

ಸೆನ್ಸರು ಹೇಳಿತು: ನಾಲ್ಕು ಡಿಗ್ರಿ.
ನಾನು ಸ್ಕ್ರೂಡ್ರೈವರು ಒರೆಸಿದೆ.