ತಕ್ಕದ್ದು

ಅಡಿಲೇಡಿನ ನಾರ್ತ್ ಟೆರೇಸು, ಮೂರನೇ ಮಹಡಿಯ ಕೋಣೆ,
ಸಂಜೆಯೊಳಗೆ ಖಾಲಿಯಾಗಬೇಕು.
ಪ್ರೊಫೆಸರ್ ಹೆಸ್ಟರ್ ಪೆನ್‌ಗೆಲಿ ಕೂತಲ್ಲಿಂದಲೇ
ಬೊಟ್ಟು ಮಾಡುತ್ತಾರೆ: ಅದು ಡಬ್ಬಿಗೆ, ಇದು ಕಸಕ್ಕೆ.
ಕಸದ ಕಡೆಗೇ ಹೆಚ್ಚು.

ಮೂವತ್ನಾಲ್ಕು ವರ್ಷ ಆಸ್ತಿ ಕಾನೂನಿನ ಪಾಠ.
ಮೊದಲ ದಿನ ನಮ್ಮಿಂದ ಪುಸ್ತಕ ತೆರೆಸಲಿಲ್ಲ;
ಒಂದು ಬೀಗದ ಕೈ ಮೇಜಿನ ಮೇಲಿಟ್ಟು
"ಇದು ಯಾರದು?" ಎಂದರು.
ಗಂಟೆ ಮುಗಿದರೂ ವಾದ ಮುಗಿಯಲಿಲ್ಲ.
ಹಿಂದಿನ ಬೆಂಚಿನಲ್ಲಿ ನಾನೊಬ್ಬಳು
ಕನ್ನಡದಲ್ಲಿ ತೊಡರಿಕೊಂಡಿದ್ದೆ:
ಬೀಗಕ್ಕೆ ಕೈ ಯಾಕೆ ಬಂತು?

ಅವರಪ್ಪ ವಾಲರೂ ಬಂದರಿನಲ್ಲಿ ಗೋಧಿಮೂಟೆ ಹೊತ್ತವನು.
ಸೋರುವ ತಗಡಿನ ಕೆಳಗೆ ಏಳು ಚಳಿಗಾಲ.
ಮನೆಯೊಡೆಯ ಒಳ್ಳೆಯವನೇ,
ಕ್ರಿಸ್ಮಸ್ಸಿಗೆ ಹಂದಿಯ ತೊಡೆ ಕಳಿಸುತ್ತಿದ್ದ.
ತಗಡು ಬದಲಿಸಲಿಲ್ಲ.
ಕಾನೂನು ಹೇಳಿದ್ದು ಇಷ್ಟೇ:
ಮಾಲೀಕನು ದುರಸ್ತಿ ಮಾಡಿಸಬಹುದು.

ಆ 'ಬಹುದು'ವಿನ ಬೆನ್ನು ಹತ್ತಿದರು.
ಸುಧಾರಣಾ ಸಮಿತಿ, ಗುರುವಾರದ ಸಭೆ, ಆರಿದ ಟೀ,
ಮೂರು ಸರ್ಕಾರ, ಐದು ಮಂತ್ರಿಗಳು;
ಒಬ್ಬ ಕಡತ ಕಳೆದ,
ಒಬ್ಬ ನಗುನಗುತ್ತ ಕಾಲ ಕಳೆದ.
"ಬಹುದು ಎನ್ನುವುದರಲ್ಲಿ ದಯೆಗೆ ಜಾಗವಿದೆ" ಎಂದನಂತೆ ಮತ್ತೊಬ್ಬ.
"ಆ ಜಾಗದ ಬಾಡಿಗೆ ನಾವು ಕಟ್ಟಿ ಆಗಿದೆ" ಎಂದರಂತೆ ಇವರು.
ಹನ್ನೊಂದನೇ ವರ್ಷ ಒಂದು ಪದ ಬಿತ್ತು,
ಇನ್ನೊಂದು ಅಲ್ಲಿ ಕೂತಿತು.

ನಮ್ಮಲ್ಲಿ ಅದಕ್ಕೆ 'ತಕ್ಕದ್ದು' ಅಂತಾರೆ, ಮೇಡಂ.
ಮಾಡತಕ್ಕದ್ದು: ಮಾಡಲೇಬೇಕಾದ್ದು.
ಬರೀ ತಕ್ಕದ್ದು ಎಂದರೆ ಯೋಗ್ಯವಾದದ್ದು, ಹೊಂದುವಂಥದ್ದು.
ಕೈಯಲ್ಲಿದ್ದ ದಾರದುಂಡೆ ಕೆಳಗಿಟ್ಟರು.
"ಎರಡಕ್ಕೂ ಒಂದೇ ಪದವೇ?
ನಿಮ್ಮವರಿಗೆ ನನ್ನ ಹನ್ನೊಂದು ವರ್ಷ ಉಳಿಯಿತು."
ಇಲ್ಲ ಮೇಡಂ,
ನಮ್ಮಲ್ಲಿ ತಕ್ಕದ್ದರ ಕೆಳಗೂ ಸೋರುತ್ತದೆ.
ನಕ್ಕರು. ಕೆಮ್ಮು ಬಂತು. ನೀರು ಕೊಟ್ಟೆ.

ಕೊನೆಯ ಕಪಾಟಿನಲ್ಲಿ ಹಸಿರು ಕಡತ.
ಕ್ಯಾರವಾನುಗಳಲ್ಲಿ ಬದುಕುವವರ ಕಲಮು.
ಕೊನೆಯ ರಾತ್ರಿ ಎರಡು ಮತ ಕಡಿಮೆ ಬಿದ್ದಿದ್ದವು,
ಅವರನ್ನು ಬಿಟ್ಟುಕೊಟ್ಟು ಮಿಕ್ಕವರನ್ನು ಉಳಿಸಿಕೊಂಡರು.
ಹೊಡೆದುಹಾಕಿದ ಗೆರೆ ನೇರವಾಗಿದೆ, ನಡುಗಿಲ್ಲ,
ಅಳತೆಪಟ್ಟಿ ಇಟ್ಟು ಎಳೆದಿದ್ದು.

ಡಬ್ಬಿಗೋ, ಕಸಕ್ಕೋ? ಬೊಟ್ಟು ಏಳಲಿಲ್ಲ.

ಬೀಗದ ಕೈ ಕಾವಲುಗಾರನಿಗೆ ಒಪ್ಪಿಸಿ,
ಸಹಿ ಮಾಡಿ, ರಸೀದಿ ಕೇಳಿ ಪಡೆದು,
ಕೆಳಗೆ ಬಂದರೆ ಟ್ರಾಮ್ ನಿಲ್ದಾಣದಲ್ಲಿ ಒಣ ಗಾಳಿ.
ಹಸಿರು ಕಡತ ಎರಡೂ ಕೈಯಲ್ಲಿತ್ತು,
ತುಂಬಿದ ಪಾತ್ರೆ ಹಿಡಿದ ಹಾಗೆ.
ನಾನು ಹಿಡಿದುಕೊಳ್ಳಬಹುದೇ ಎಂದೆ.
ಕೊಡಲಿಲ್ಲ.