ನೂರಿಪ್ಪತ್ತು ಚೀಟಿ

ಹೆರಿಂಗ್ ಮೀನಿನ ತಗಡಿನ ಡಬ್ಬಿ ತೊಳೆದು ಒಣಗಿಸಿ
ಅದರೊಳಗೆ ಇಟ್ಟಿದ್ದೇನೆ ನೂರಿಪ್ಪತ್ತು ಚೀಟಿ.
ಒಂದು ಮಗ್ಗುಲಿಗೆ ನಮ್ಮ ಮಾತು, ಇನ್ನೊಂದಕ್ಕೆ ಇಂಗ್ಲಿಷು.
ಎಷ್ಟು ತಿಕ್ಕಿದರೂ ವಾಸನೆ ಬಿಟ್ಟಿಲ್ಲ:
ಟರ್ಬೈನ್ ಎಂದರೂ ಮೀನು, ಟಾರ್ಕ್ ಎಂದರೂ ಮೀನು.

ರಾತ್ರಿ ಎಂಟಕ್ಕೆ ಅಲೋಯ್ಜಿ ಅಡುಗೆಮನೆಯ ಮೇಜಿಗೆ ಬರುತ್ತಾನೆ,
ಐವತ್ಮೂರು ವರ್ಷದ ವಿದ್ಯಾರ್ಥಿ,
ಕನ್ನಡಕವನ್ನು ಹಣೆಗೇರಿಸಿ, ಗಾಜು ಒಡೆದ ಹುಡುಗನ ಹಾಗೆ.
ನಾನು ಚೀಟಿ ಎತ್ತುತ್ತೇನೆ.
"ಬ್ಲೇಡ್."
"ಸಲಿಕೆ," ಅನ್ನುತ್ತಾನೆ.
ಸರಿಯೇ. ನಮ್ಮವರು ಅದನ್ನು ಸಲಿಕೆ ಅಂತಲೇ ಕರೆಯುವುದು,
ಆಕಾಶ ಅಗೆಯಲು ಹೊರಟವರ ಹಾಗೆ.
ಇಂಗ್ಲಿಷಿನವರಿಗೆ ಅದು ಚಾಕುವಿನ ಅಲಗು,
ಹುಟ್ಟಿನ ಚಪ್ಪಟೆ ತುದಿ, ಹುಲ್ಲಿನ ಎಸಳು ಕೂಡ.
"ನೂರು ಮೀಟರಿನ ಹುಲ್ಲೆಸಳು ಕಣೋ!" ಅಂದೆ.
ನಗಲಿಲ್ಲ. ನಾಳಿದ್ದು ಪರೀಕ್ಷೆ.

"ಯಾ."
"ಗಾಳಿ ಬಂದ ಕಡೆಗೆ ಮೂತಿ ತಿರುಗಿಸುವುದು."
ಆಮೇಲೆ ಗೊಣಗಿದ: "ಇದನ್ನು ಇವರು ನನಗೆ ಕಲಿಸುತ್ತಾರಂತೆ."
ಪಾಠ ಹೇಳುವ ಕಿಂಗಾಗೆ ಇಪ್ಪತ್ತಾರು,
ಸಮುದ್ರವೆಂದರೆ ಅವಳಿಗೆ ಟವೆಲ್ ಹಾಸುವ ಜಾಗ.
ಒಳ್ಳೆಯ ಹುಡುಗಿ. ನಾಲಿಗೆಯನ್ನು ಹಲ್ಲಿನ ನಡುವೆ ಇಡಿ ಅನ್ನುತ್ತಾಳೆ,
ಹನ್ನೊಂದು ಬೆಸ್ತರು ಸಾಲಾಗಿ ಕೂತು
ನಾಲಿಗೆ ಚಾಚುತ್ತಾರೆ, ಪ್ರಸಾದಕ್ಕೆ ಕಾದವರ ಹಾಗೆ.

"ಕಟ್-ಔಟ್ ಸ್ಪೀಡ್."
ಗಾಳಿ ಅಷ್ಟು ಜೋರಾದರೆ ಯಂತ್ರ ತಾನೇ ನಿಲ್ಲುತ್ತದೆ,
ರೆಕ್ಕೆ ಮಡಿಸಿ ತೆಪ್ಪಗಿರುತ್ತದೆ.
ನನ್ನಪ್ಪನಿಗೆ ಆ ಬುದ್ಧಿ ಇರಲಿಲ್ಲ.
ಇದನ್ನು ನಾನು ಜೋರಾಗಿ ಹೇಳಲಿಲ್ಲ,
ಚೀಟಿಯನ್ನು ಮಾತ್ರ ಡಬ್ಬಿಯ ತಳಕ್ಕೆ ತುರುಕಿದೆ.

ಅದರ ಕೆಳಗೇ ಇತ್ತು, "ವೇಕ್".
ಒಂದು ಟರ್ಬೈನಿನ ಬೆನ್ನ ಹಿಂದೆ ಕಲಕಿಹೋದ ಗಾಳಿ;
ಅಲ್ಲಿ ನಿಂತ ಇನ್ನೊಂದಕ್ಕೆ ಉಸಿರು ಸಾಲದು.
ನಿಘಂಟು ಅಷ್ಟಕ್ಕೇ ಬಿಡಲಿಲ್ಲ:
ದೋಣಿ ಹೋದ ಮೇಲೆ ನೀರಿನಲ್ಲಿ ಉಳಿಯುವ ಗೆರೆ,
ನಿದ್ದೆಯಿಂದ ಏಳುವುದು,
ಸತ್ತವರ ಪಕ್ಕ ಬೆಳಗಿನ ತನಕ ಕೂರುವುದು.
ನಮ್ಮ ಕಶೂಬಿಯಾದ ಹಳ್ಳಿಗಳಲ್ಲಿ ಅದಕ್ಕೆ ಖಾಲಿ ರಾತ್ರಿ ಎನ್ನುತ್ತಾರೆ.
ಅಪ್ಪನ ಖಾಲಿ ರಾತ್ರಿಯಲ್ಲಿ ಅಪ್ಪನೇ ಇರಲಿಲ್ಲ;
ಹಾಸಿಗೆಯ ಮೇಲೆ ಅವನ ಭಾನುವಾರದ ಕೋಟು ಮಲಗಿಸಿ
ನೆರೆಯ ಹೆಂಗಸರು ಹಾಡಿದರು.
ನನಗೆ ಒಂಬತ್ತು. ತೋಳಿನ ಗುಂಡಿ ಎಣಿಸುತ್ತಾ ಕೂತಿದ್ದೆ.
ಇಷ್ಟು ದೂರದ ಜನ
ಇಷ್ಟನ್ನೂ ಒಂದೇ ಪದದೊಳಗೆ ಹೇಗೆ ಇಟ್ಟರೋ.

"ಮುಂದೆ?" ಅಂದ ಅಲೋಯ್ಜಿ.

ಕಾಡ್ ಮೀನು ಮುಗಿಯಿತು ಎಂದರು. ಮೊದಲು ಗಾಳಿಮಾತು,
ಆಮೇಲೆ ಮೊಹರು ಒತ್ತಿದ ಕಾಗದ.
ಬಲೆ ಮಾರಿಕೊಳ್ಳಬಹುದು, ದೋಣಿ ಮಾತ್ರ ಉಳಿಯಕೂಡದು;
ಒಡೆದರೇ ದುಡ್ಡು.
ಗ್ಯಾಸಿನ ಬೆಂಕಿ ಹಿಡಿದು ಬಂದವನು ಹೊಟ್ಟೆಯಿಂದ ಶುರು ಮಾಡಿದ.
ಇವನು ನೋಡಲು ಹೋದ, ತಾನೇ ಹೋದ,
ಕೈಯಲ್ಲಿ ಎಲ್ಲರಿಗೂ ಕಾಫಿಯ ಫ್ಲಾಸ್ಕು.
ನಲವತ್ತೇಳು ಎಂದು ಬರೆದ ತಗಡಿನ ತುಂಡು
ಈಗ ಕೋಳಿಗೂಡಿನ ಬಾಗಿಲು.

ಕೊನೆಯ ಹಿಡಿಯಲ್ಲಿ ಬಂತು: "ನಸೆಲ್."
ಗೋಪುರದ ನೆತ್ತಿಯ ಮೇಲಿನ ಪೆಟ್ಟಿಗೆ,
ಗೇರುಗಳು, ಜನರೇಟರು, ಎಣ್ಣೆ, ಇಬ್ಬರು ಮನುಷ್ಯರು ಬಗ್ಗಿ ನಿಲ್ಲುವಷ್ಟು ಜಾಗ.
ಇನ್ನು ಮುಂದೆ ಇವನ ಹಗಲೆಲ್ಲ ಅಲ್ಲೇ.
"ಗೊಂಡೊಲಾ," ಅಂದ ಥಟ್ಟನೆ. ನಮ್ಮ ಎಂಜಿನಿಯರುಗಳ ಮಾತು.
"ಅದು ವೆನಿಸಿನ ದೋಣಿಯಲ್ಲವೇನೋ?"
"ಇದ್ದೀತು."
ನಸೆಲ್‌ನ ಬೇರು ಹುಡುಕಿದೆ, ದೊಡ್ಡ ನಿಘಂಟಿನಲ್ಲಿ,
ಬೆರಳಿನ ಮೀನಿನ ಜಿಡ್ಡು ಪುಟಕ್ಕೆ ಹತ್ತುತ್ತಿದ್ದರೂ.
ಫ್ರೆಂಚರ ಮನೆಯಿಂದ ಬಂದದ್ದು, ಅವರಿಗೆ ಲ್ಯಾಟಿನ್ನಿನಿಂದ.
ಅರ್ಥ: ಸಣ್ಣ ದೋಣಿ.

ಓದಿ ಹೇಳಿದೆ. ಮತ್ತೊಮ್ಮೆ ಓದು ಅಂದ. ಓದಿದೆ.
ಕನ್ನಡಕ ಮೂಗಿಗಿಳಿಸಿ ಚೀಟಿಯನ್ನು ತಾನೇ ತೆಗೆದುಕೊಂಡ,
ಆ ಕಡೆ ಈ ಕಡೆ ತಿರುಗಿಸಿದ.
ಕಿಟಕಿಯಾಚೆ ಬಾಲ್ಟಿಕ್ ತನ್ನ ಪಾಡಿಗೆ ಹೊರಳುತ್ತಿತ್ತು.

"ಅದಕ್ಕೆ ಹೆಸರಿಡುತ್ತಾರಾ?"
"ಇಲ್ಲವಂತೆ. ನಂಬರು ಮಾತ್ರ."
"ನಮ್ಮದಕ್ಕೂ ನಂಬರೇ ಇದ್ದದ್ದು," ಅಂದ.
"ಎತ್ತು, ಇನ್ನೂ ಎಷ್ಟಿವೆ?"